ಸರ್ಟಿಫಿಕೇಟ್ ಇಲ್ದೆ ಕುಳಿ ತುಂಬೋ ಕೆಲ್ಸಕ್ಕ ಕರೀತಾರ, ಹೋಗ್ಲೋ ಬ್ಯಾಡೋ?

ಮಸ್ಕಿ ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ನಾನು ಮಸ್ಕಿ ಕಡಿಯಾಂವ, ಐಟಿಐ ಫಿಟ್ಟರ್ ಮಾಡೀನಿ. ಸದ್ಯಕ್ಕ ಕುಷ್ಟಗಿ ತಾಲ್ಲೂಕಿನ ಒಂದು ಕಲ್ಲು ಕ್ವಾರಿಯಾಗ ಜಾಕ್ ಹ್ಯಾಮರ್ ಹಿಡಿಯೋ ಕೆಲ್ಸ. ಹೋದ ವಾರ ಕಾಂಟ್ರಾಕ್ಟರ್ ಕರ್ದು, "ಕುಳಿ ಹೊಡಿಯೋದು ಸಾಕು, ಕುಳಿ ತುಂಬೋದು ಕಲಿ. ಪಗಾರ ಹೆಚ್ಚಿಗಿ ಕೊಡ್ತೀನಿ, ಮ್ಯಾಲ ಲೋಡಿಗಿಷ್ಟು ಅಂತ ಬ್ಯಾರೆ" ಅಂದ. ಕುಳಿಯಾಗ ಸ್ಫೋಟಕ ಮದ್ದು ತುಂಬಿ ಸಿಡಿಸೋ ಬ್ಲಾಸ್ಟರ್ ಕೆಲ್ಸ ಅದು. ಅದಕ್ಕ ಬ್ಲಾಸ್ಟರ್ ಸರ್ಟಿಫಿಕೇಟ್ ಬೇಕಲ್ಲರೀ ಅಂದೆ. "ಅದೆಲ್ಲಾ ಗಣಿಯವ್ರಿಗೆ. ನಮ್ಮದು ಕ್ವಾರಿ. ಆಮ್ಯಾಲ ಮಾಡಿಸಿದ್ರಾತು" ಅಂತಾನ.

ಅವ್ವ ಸುತರಾಂ ಒಲ್ಲೆ ಅಂತಾಳ. ಸೋದರಮಾವ, ಬ್ಲಾಸ್ಟರ್ ಅಂದ್ರ ಮರ್ಯಾದಿ ಐತಿ, ಹಿಂದ ಸರೀಬ್ಯಾಡ ಅಂತಾನ. ಕಾಂಟ್ರಾಕ್ಟರ್ ಹೇಳಿದ್ದು ಖರೇನಾ? ಸರಿಯಾದ ದಾರಿ ಯಾವುದು? ಮುಂದ ಈ ಕೆಲ್ಸಕ್ಕ ಬೆಲಿ ಇರ್ತೈತಾ, ಇಲ್ಲ ಮಷಿನ್ ಬಂದು ಮುಗೀತೈತಾ? ಗೊತ್ತಿದ್ದವ್ರು ಹೇಳ್ರಿ.

ಸಿಂಧನೂರು ಸೀನ
ಬ್ಯಾಡ ತಮ್ಮ. ಕೇಪು (ಮದ್ದು ಸಿಡಿಸೋ ಡಿಟೋನೇಟರ್) ಮುಟ್ಟಬ್ಯಾಡ. ಅವ್ವನ ಮಾತು ಕೇಳು.

ಕಲ್ಲಿನ ಮನೆತನ
ಎಲ್ಲಾದಕ್ಕೂ ಬ್ಯಾಡ ಅಂದ್ರ ಬಡವರ ಹುಡುಗ ಏನು ಮಾಡ್ಬೇಕ್ರಿ? ನಮ್ಮ ಅಜ್ಜ, ನಮ್ಮ ಅಪ್ಪ ಯಲಬುರ್ಗಾ ಸುತ್ತಮುತ್ತ ಊರೂರಿಗೆ ಬಾವಿ ತೋಡಿದವ್ರು. ಬಂಡಿ ಬಂತಂದ್ರ ಮದ್ದು ಹಾಕಿ ಒಡೀತಿದ್ರು. ಯಾವ ಕಾಗದ ಇತ್ತು ಅವರ ಹತ್ರ? ಕಲ್ಲು ಮುಟ್ಟಿ ನೋಡಿ ಅದರ ಎಳೆ ಯಾ ಕಡಿ ಹೋಗೇತಿ ಅಂತ ಹೇಳ್ತಿದ್ರು. ಪರೀಕ್ಷಿ ಪಾಸ್ ಆದವ್ರು ಎಷ್ಟೋ ಮಂದಿಗೆ ಅದು ತಿಳಿಯಂಗಿಲ್ಲ. ಕೆಲ್ಸ ಕೈಲೆ ಕಲೀಬೇಕು. ಹೋಗು ತಮ್ಮ, ಹುಷಾರಿಲೆ ಮಾಡು.

ಸಂಡೂರು ಫೋರ್‌ಮನ್
ಮೊದಲು ಕಾಂಟ್ರಾಕ್ಟರ್ ಹೇಳಿದ ಮಾತು ತಗೊಳ್ಳೋಣ. "ಕ್ವಾರಿ ಗಣಿ ಅಲ್ಲ" ಅನ್ನೋದು ಶುದ್ಧ ಸುಳ್ಳು. ನಮ್ಮ ಕಡೆ ಗಣಿ ಅಂದ್ರೆ ದೋಣಿಮಲೈ, ಕುಮಾರಸ್ವಾಮಿ ಬೆಟ್ಟ, ಹಟ್ಟಿ ಅಷ್ಟೇ ಅಂತ ಜನ ತಿಳ್ಕೊಂಡಿದ್ದಾರೆ. 1952 ರ ಗಣಿ ಕಾಯ್ದೆ ಲೆಕ್ಕದಲ್ಲೂ, 2025 ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆ ಲೆಕ್ಕದಲ್ಲೂ ಕಲ್ಲು ಕ್ವಾರಿ ಗಣಿನೇ. ಕಟ್ಟಡ ಕಲ್ಲು, ಜಲ್ಲಿ, ಮೊರಂ ತೆಗೆಯೋ ಸಣ್ಣ ಕ್ವಾರಿಗಳಿಗೆ ಒಂದು ವಿನಾಯಿತಿ ಕೊಟ್ಟಿದ್ದರು: ಆಳ 6 ಮೀಟರ್ ಮೀರಬಾರದು, ಕೆಲಸಗಾರರು 50 ಜನ ದಾಟಬಾರದು, ಮದ್ದು ಬಳಸಬಾರದು. ಮೂರೂ ಒಟ್ಟಿಗೆ ಇರಬೇಕು. ಒಂದು ಕುಳಿಗೆ ಮದ್ದು ತುಂಬಿದ್ರೂ ಆ ವಿನಾಯಿತಿ ಹೋಯ್ತು.

ಹಾಗಾಗಿ ಆ ಕ್ವಾರಿಗೂ 1961 ರ ಮೆಟಲಿಫೆರಸ್ ಮೈನ್ಸ್ ರೆಗ್ಯುಲೇಷನ್ಸ್ (ಕಲ್ಲಿದ್ದಲು, ತೈಲ ಬಿಟ್ಟು ಉಳಿದ ಗಣಿಗಳ ನಿಯಮಗಳು) ಅನ್ವಯ ಆಗುತ್ತೆ. ಮದ್ದು ತುಂಬೋನು ಬ್ಲಾಸ್ಟರ್ ಸರ್ಟಿಫಿಕೇಟ್ ಇದ್ದವನೇ ಆಗಿರಬೇಕು, ಅಥವಾ ಮೇಟ್ (ಪಾಳಿ ಮೇಲ್ವಿಚಾರಕ), ಫೋರ್‌ಮನ್ ಹೀಗೆ ಮೇಲಿನದು ಇದ್ದವನು. ಹೆಲ್ಪರ್ ಕೈ ಹಾಕಬಹುದು, ಆದ್ರೆ ಸರ್ಟಿಫಿಕೇಟ್ ಇದ್ದವನು ಕಣ್ಣೆದುರಿಗೆ ನಿಂತಿರಬೇಕು. ಹಾಗೆ ಕಲಿಯೋದೇ ಸರಿಯಾದ ದಾರಿ. ಅದಕ್ಕೆ ಸಿಂಧನೂರಿನವರು ಹೇಳಿದ "ಮುಟ್ಟಲೇಬೇಡ" ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ.

ಇನ್ನು "ಲೋಡಿಗಿಷ್ಟು" ಅಂದನಲ್ಲ, ಅದೇ ನನಗೆ ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿದ್ದು. ಮದ್ದು ಹೊಡೆದು ಬಿದ್ದ ಕಲ್ಲಿನ ಅಳತೆ ಮೇಲೆ ಯಾರಿಗೆ ಕೂಲಿ ಸಿಗುತ್ತೋ ಅವನನ್ನ ಬ್ಲಾಸ್ಟರ್ ಮಾಡಲೇಬಾರದು ಅಂತ ಅದೇ ರೆಗ್ಯುಲೇಷನ್ಸ್‌ನಲ್ಲಿದೆ. ಯಾಕೆ ಹೇಳಿ? ಮೋಡ ಕವಿದು ಗುಡುಗು ಶುರುವಾದಾಗ, ದನ ಕಾಯೋ ಹುಡುಗ ಗುಡ್ಡದ ಆಚೆ ಕಂಡಾಗ, "ಇವತ್ತು ಬೇಡ" ಅನ್ನೋ ಅಧಿಕಾರ ಬ್ಲಾಸ್ಟರ್‌ಗೆ ಇರಬೇಕು. ಲೋಡಿನ ಮೇಲೆ ಹೊಟ್ಟೆ ನಿಂತಿದ್ರೆ ಬಾಯಿ ಬರಲ್ಲ.

ಮಸ್ಕಿ ಹುಡುಗ
ಫೋರ್‌ಮನ್ ಸರ್, ಭಾಳ ಉಪಕಾರ ಆತ್ರಿ. ಒಂದು ಮಾತು ಬಿಟ್ಟಿದ್ದೆ. ಅಲ್ಲಿ ಸರ್ಟಿಫಿಕೇಟ್ ಇರೋ ಬ್ಲಾಸ್ಟರ್ ಒಬ್ಬ ಅದಾನ, ಆದ್ರ ಕಾಗದದ ಮ್ಯಾಲ. ತಿಂಗಳಿಗೊಮ್ಮೆ ಬಂದು ಪುಸ್ತಕಕ್ಕ ಸಹಿ ಹಾಕಿ ಹೋಗ್ತಾನ. ದಿನಾ ತುಂಬೋರು ಬ್ಯಾರೆ ಹುಡುಗ್ರು.

ಸಂಡೂರು ಫೋರ್‌ಮನ್
ಹಾಗಿದ್ರೆ ಅಲ್ಲಿ ನಿನಗೆ ಕಲಿಸೋರೇ ಇಲ್ಲ ಅಂದಂಗಾಯ್ತಲ್ಲಪ್ಪ. ನನ್ನ ಮೇಲಿನ ಉತ್ತರ ಬದಲಾಯ್ತು: ಬೇಡ. ಅಲ್ಲಿ ಬೇಡ.

ಬಳ್ಳಾರಿ ವಕೀಲ
ಕಾನೂನಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಏನಾದರೂ ಅನಾಹುತವಾದರೆ ಮಾಲೀಕನ ಮೇಲಷ್ಟೇ ಕೇಸಾಗುತ್ತದೆ ಎಂದು ಹುಡುಗರು ತಿಳಿದಿರುತ್ತಾರೆ. 1884 ರ ಸ್ಫೋಟಕ ಕಾಯ್ದೆ, 1908 ರ ಸ್ಫೋಟಕ ವಸ್ತುಗಳ ಕಾಯ್ದೆ, ಎರಡೂ ನೋಡುವುದು ವಸ್ತು ಯಾರ ಕೈಯಲ್ಲಿತ್ತು ಎಂಬುದನ್ನು. ಪರವಾನಗಿ ಇಲ್ಲದೆ ಜಿಲೆಟಿನ್ ಕಡ್ಡಿ ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಹೋಗುವಾಗ ಸಿಕ್ಕರೆ, "ಸೇಠ್ ಕಳಿಸಿದ್ರು" ಎಂಬ ಮಾತು ಠಾಣೆಯಲ್ಲಿ ನಡೆಯುವುದಿಲ್ಲ. 1908 ರ ಕಾಯ್ದೆಯ ಶಿಕ್ಷೆ ಸಣ್ಣದಲ್ಲ.

ಇನ್ನೊಂದು, ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಇದೆಯಾ, ಯಾವ ಕೆಲಸಕ್ಕೆ ಅಂತ ಇದೆಯಾ ನೋಡಿಕೊಳ್ಳಿ. 1923 ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025 ರಲ್ಲಿ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಹಕ್ಕು ಇದ್ದರೂ, ನೀವು ಅಲ್ಲಿ ಕೆಲಸಕ್ಕಿದ್ದಿರಿ ಎಂದು ತೋರಿಸಲು ಕಾಗದ ಬೇಕು. ಹೆಸರೇ ಇಲ್ಲದ ಹುಡುಗರ ತಾಯಂದಿರು ನಮ್ಮ ಕಚೇರಿಗೆ ಬಂದು ಕೂರುತ್ತಾರೆ. ಅವರಿಗೆ ಹಕ್ಕು ಕೊಡಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಗಂಗಾವತಿ ಗಿರಿ
2021 ನೆನಪಿದೆಯಾ ಯಾರಿಗಾದ್ರೂ? ಜನವರಿ 21 ಕ್ಕೆ ಶಿವಮೊಗ್ಗದ ಹುಣಸೋಡು, ಮುಂದಿನ ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಹಿರೇನಾಗವಲ್ಲಿಯಲ್ಲಿ ಆರು ಜನ ಹೋದ್ರು. ಎರಡೂ ಕಡೆ ಬಂಡೆ ಒಡೆಯೋವಾಗ ಆಗಿದ್ದಲ್ಲ. ತಂದಿಟ್ಟ ಮದ್ದು, ಬಚ್ಚಿಟ್ಟ ಮದ್ದು ಸಿಡಿದಿದ್ದು. ಸತ್ತವರಲ್ಲಿ ಹೆಚ್ಚಿನವರು ಕೂಲಿಗೆ ಬಂದವರೇ.

ಕಲ್ಲಿನ ಮನೆತನ
ಅದು ಬ್ಯಾರೆ ಮಾತು. ಅಕ್ರಮ ದಂಧೆಗೂ ಕಲ್ಲೊಡಿಯೋ ಕಸುಬಿಗೂ ಯಾಕ ಗಂಟು ಹಾಕ್ತೀರಿ? ನಾ ಹೇಳಿದ್ದು ಕೈಯಾಗಿನ ವಿದ್ಯೆ ಬಗ್ಗೆ.

ಹಟ್ಟಿ ಕಾಕಾ
ಕಲ್ಲಿನ ಮನೆತನದ ತಮ್ಮಾ, ನಿಮ್ಮ ಅಪ್ಪ ಅಜ್ಜಗ ಇದ್ದ ವಿದ್ಯೆ ಸಣ್ಣದಲ್ಲ, ಅದಕ್ಕ ನಾನು ಕೈ ಮುಗೀತೀನಿ. ಬಂಡಿ ಎಳೆ ತಿಳಿಯಲಾರದಾಂವ ಎಷ್ಟು ಓದಿದ್ರೂ ಒಳ್ಳೆ ಬ್ಲಾಸ್ಟರ್ ಆಗಂಗಿಲ್ಲ. ಆದ್ರ ಅವರು ಒಂದು ಬಾವಿಗೆ ಒಂದು ದಿನಕ್ಕ ನಾಕೈದು ಕುಳಿ ತುಂಬ್ತಿದ್ರು, ತಾವೇ ತುಂಬಿ, ತಾವೇ ಬತ್ತಿ ಹಚ್ಚಿ, ತಾವೇ ಎಣಸ್ತಿದ್ರು. ಈಗ ಒಂದು ಬೆಂಚಿನಾಗ (ಮೆಟ್ಟಿಲಿನಂಗ ಕಡಿದ ಬಂಡಿ) ಸಾಲು ಸಾಲು ಕುಳಿ. ತುಂಬೋರು ಒಬ್ರು, ಜೋಡಿಸೋರು ಒಬ್ರು, ಗುಂಡಿ ಒತ್ತೋರು ಇನ್ನೊಬ್ರು. ಜವಾಬ್ದಾರಿ ಯಾರದು ಅಂತ ಒಂದು ಹೆಸರಿಗೆ ಕಟ್ಟಬೇಕಾಗ್ತದ. ಸರ್ಟಿಫಿಕೇಟ್ ಅದಕ್ಕ.

ನಾನು ಹಟ್ಟಿ ಚಿನ್ನದ ಗಣಿಯಾಗ ಇಡೀ ಸರ್ವೀಸ್ ನೆಲದೊಳಗ ಕಳದಾಂವ. ಮೊದಲ ಹೆಲ್ಪರ್, ಆಮ್ಯಾಲ ಬ್ಲಾಸ್ಟರ್, ಕಡೀಕ ಮೇಟ್. ನಮ್ಮ ಕಾಲಕ್ಕ ಜಿಲೆಟಿನ್ ಕಡ್ಡಿಯೊಳಗ ನೈಟ್ರೋಗ್ಲಿಸರಿನ್ ಇರ್ತಿತ್ತು. ಕೈಗೆ ಹತ್ತಿದ್ರ ಸಾಕು, ತಲಿ ಎರಡು ಹೋಳು ಆದಂಗ ನೋವು. ಊರಿಗೆ ಹೋಗಿ ರಜಾ ಮುಗಿಸಿ ಬಂದ ಮೊದಲನೇ ಪಾಳಿಯಾಗ ಇನ್ನೂ ಜೋರು. 2004 ರ ಏಪ್ರಿಲಿನಿಂದ ಅಂಥಾ ಮದ್ದು ದೇಶದಾಗ ಬಂದ್ ಆತು. ಈಗಿನ ಎಮಲ್ಷನ್, ಸ್ಲರಿ ಮದ್ದು ಹೊಡೆತಕ್ಕ ತಿಕ್ಕಾಟಕ್ಕ ಅಷ್ಟು ಸುಲಭಕ್ಕ ಸಿಡಿಯಂಗಿಲ್ಲ. ಇದನ್ನ ಕೇಳಿ ಹುಡುಗ್ರು ಧೈರ್ಯ ಮಾಡ್ತಾರ, ಅದೇ ನನಗ ಅಂಜಿಕಿ. ಮದ್ದು ಸೌಮ್ಯ ಆತು, ಕೇಪು ಆಗಿಲ್ಲ. ಬೆರಳಿಗಿಂತ ಸಣ್ಣ ವಸ್ತು, ಕೈಯಾಗ ಸಿಡಿದ್ರ ಬೆರಳು ಉಳಿಯಂಗಿಲ್ಲ.

ನೆಲದೊಳಗ ಏನು ಕಲ್ತೆ ಅಂತ ಕೇಳಿದ್ರ, ಎಣಿಸೋದು ಕಲ್ತೆ. ಮದ್ದಿನ ಮನಿಯಿಂದ ಎಷ್ಟು ತಂದಿ, ಎಷ್ಟು ತುಂಬಿದಿ, ಎಷ್ಟು ವಾಪಸ್ ಕೊಟ್ಟಿ, ಪಾಳಿ ಪಾಳಿಗೆ ಲೆಕ್ಕ. ಕೇಪು ಬ್ಯಾರೆ ಡಬ್ಬಿ, ಕಡ್ಡಿ ಬ್ಯಾರೆ ಡಬ್ಬಿ. ಆಮ್ಯಾಲ ಸಪ್ಪಳ ಎಣಿಸೋದು. ಎಷ್ಟು ಕುಳಿ ತುಂಬಿದ್ಯೋ ಅಷ್ಟು ಸಪ್ಪಳ ಕಿವಿಗೆ ಬೀಳಬೇಕು. ಒಂದು ಕಡಿಮಿ ಅನ್ನಿಸ್ತಂದ್ರ ಅದು ಮಿಸ್ ಫೈರ್ ಅಂತ್ಲೇ ತಿಳೀಬೇಕು. ಬತ್ತಿ ಹಚ್ಚಿದ್ದಾದ್ರ ಅರ್ಧ ತಾಸು ಯಾರೂ ಆ ಕಡಿ ಹೆಜ್ಜಿ ಇಡಂಗಿಲ್ಲ.

ಒಂದು ಸಲ ನಮ್ಮ ಹಿರಿ ಬ್ಲಾಸ್ಟರ್ ಒಬ್ರು ಸಪ್ಪಳ ಒಂದು ಕಡಿಮಿ ಐತಿ ಅಂದ್ರು. ಉಳಿದವ್ರೆಲ್ಲಾ, ಎರಡು ಕೂಡೇ ಹಾರ್ಯಾವ, ಬರ್ರಿ ಹೋಗೋಣು ಅಂದ್ರು. ಮುಂದಿನ ಪಾಳಿಯವ್ರು ಕಾಯಕತ್ಯಾರ, ಮ್ಯಾಲಿನವರ ಒತ್ತಾಯ ಬ್ಯಾರೆ. ಆ ಮನಶ್ಯ ದಾರಿಗೆ ಅಡ್ಡ ಕುಂತು ಬಿಟ್ರು. ಬಾಯಿ ಮಾಡಲಿಲ್ಲ, ಜಗಳಾಡಲಿಲ್ಲ, ಏಳಲೇ ಇಲ್ಲ. ಹೊತ್ತು ಆದ ಮ್ಯಾಲ ದೀಪ ಹಿಡಿದು ಒಳಗ ಹೋಗಿ ನೋಡಿದ್ರ, ಮೂಲ್ಯಾಗ ಒಂದು ಕುಳಿ ತುಂಬಿದ್ದು ತುಂಬಿದಂಗ ಇತ್ತು. ಅವರಿಗೆ ಬೈಯಾಕ ಮ್ಯಾಲಿನವ್ರಿಗೆ ಬಾಯಿ ಇರಲಿಲ್ಲ, ಯಾಕಂದ್ರ ಆ ಜಾಗದಾಗ ಕಾನೂನು ಪ್ರಕಾರ ಅವರ ಮಾತೇ ಮಾತು. ಮಸ್ಕಿ ತಮ್ಮಾ, ನಿನ್ನ ಕ್ವಾರಿಯಾಗ ನೀ ಹಂಗ ಅಡ್ಡ ಕುಂತ್ರ ನಿನ್ನನ್ನ ಇಟ್ಕೊಂತಾರೇನು? ಇದೊಂದು ವಿಚಾರ ಮಾಡು.

ಕೆಂಪು ಬಾವುಟ
ಕಾಕಾರ ಮಾತು ಓದಿ ಮೈ ಜುಮ್ಮಂತು.

ದೇವದುರ್ಗ ಮಾಸ್ತರ
ಹಟ್ಟಿಯ ಮಾತು ಬಂತು ಅಂತ ಒಂದು ಸಂಗತಿ. ಈಗಿನ ಕಂಪನಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ 1947 ರಲ್ಲಿ ಶುರುವಾಗಿದ್ದು. ಆದರೆ ಅಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಜನ ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಮದ್ದು ಎಲ್ಲಿತ್ತು? ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸಿ, ಆಮೇಲೆ ಒಡೆಯುತ್ತಿದ್ದರು. ಆ ಹೊಗೆಯಲ್ಲಿ, ಆ ಇಕ್ಕಟ್ಟಿನಲ್ಲಿ.

ಮಸ್ಕಿಯ ಹುಡುಗ ಅಂದಿದ್ದಕ್ಕೆ ಇನ್ನೊಂದು. 1915 ರಲ್ಲಿ ಮಸ್ಕಿಯ ಅಶೋಕ ಶಾಸನ ಕಂಡುಹಿಡಿದ ಬೀಡನ್ ಸಾಹೇಬ ಪುರಾತತ್ವದವನಲ್ಲ, ಚಿನ್ನದ ಗಣಿಯ ಇಂಜಿನಿಯರ್. ಬಂಗಾರ ಹುಡುಕುವವನ ಕಣ್ಣಿಗೆ ಅಶೋಕನ ಹೆಸರೇ ಬಿದ್ದ ಶಾಸನ ಸಿಕ್ಕಿತು.

ಸಿಂಧನೂರು ಸೀನ
ಮಾಸ್ತರ್ರೇ, ಮಸ್ತ್ ವಿಷಯ. ಆದ್ರ ಹುಡುಗನ ಪ್ರಶ್ನಿ ಬ್ಯಾರೆ ಐತಿ.

ಕುಕನೂರು ಅಕ್ಕ
ಎಲ್ಲಾರೂ ಬ್ಲಾಸ್ಟರ್ ಕಡಿಯಿಂದ ಮಾತಾಡಕತ್ತೀರಿ. ಮದ್ದು ಹೊಡಿಯೋ ಜಾಗದ ಪಕ್ಕದ ಊರಿನವ್ರು ನಾವು, ನಮ್ಮ ಮಾತೂ ಕೇಳ್ರಿ. ನಮ್ಮ ಹಿತ್ತಲಗೋಡಿ ಬಿರುಕು ಬಿಟ್ಟೈತಿ. ಕೇಳಾಕ ಹೋದ್ರ, "ನಿಮ್ಮದು ಎರಿ ಭೂಮಿ, ಬ್ಯಾಸಗ್ಯಾಗ ತಾನೇ ಬಿರಿತೈತಿ" ಅಂತಾರ. ಎರಿ ಬಿರಿಯೋದು ನಮಗೂ ಗೊತ್ತೈತ್ರಿ, ಹುಟ್ಟಿದಾಗಿಂದ ನೋಡೀವಿ. ಆದ್ರ ಮಧ್ಯಾಹ್ನ ಢಂ ಅಂದ ಕೂಡ್ಲೇ ಮಾಡಿನ ಮಣ್ಣು ಅನ್ನದ ಗಂಗಾಳಕ್ಕ ಉದುರೋದು ಎರಿಯಿಂದೇನು? ಸೈರನ್ ಒಂದಿನ ಊದ್ತಾರ, ಒಂದಿನ ಇಲ್ಲ. ಶಾಲಿ ಮಕ್ಕಳು ಬಯಲಿಗೆ ಆಡಾಕ ಬಿಟ್ಟ ಹೊತ್ತಿನಾಗೇ ಹೊಡೀತಾರ. ಬ್ಲಾಸ್ಟರ್ ಹತ್ರ ಸರ್ಟಿಫಿಕೇಟ್ ಇದ್ರ ನಮ್ಮ ಗ್ವಾಡಿ ಉಳೀತೈತಾ?

ಕಲ್ಲಿನ ಮನೆತನ
ಅಕ್ಕಾರ, ಕ್ವಾರಿ ಬಂದ್ ಆದ್ರ ಅದೇ ಊರಿನ ಗಂಡಸರು ಗುಳೆ ಹೋಗ್ಬೇಕಾಗ್ತೈತಿ. ಅದನ್ನೂ ನೋಡ್ರಿ.

ಕುಕನೂರು ಅಕ್ಕ
ಬಂದ್ ಮಾಡ್ರಿ ಅಂತ ಎಲ್ಲಿ ಬರ್ದೀನಿ ಅಣ್ಣಾ? ಹೊತ್ತಿಗೆ ಸರಿಯಾಗಿ ಹೊಡೀರಿ, ಸೈರನ್ ಊದ್ರಿ, ಗ್ವಾಡಿ ಲೆಕ್ಕ ಕೊಡ್ರಿ ಅಂದೀನಿ. ನಮ್ಮ ಮೈದುನನೂ ಅಲ್ಲೇ ಟಿಪ್ಪರ್ ಓಡಿಸ್ತಾನ.

ಸಂಡೂರು ಫೋರ್‌ಮನ್
ಅಕ್ಕಾವ್ರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೆ. ನೆಲದ ಅದುರುವಿಕೆಯನ್ನ ಅಳೆಯೋ ಯಂತ್ರ ಇದೆ. ಮಾತಿನಲ್ಲಿ ಜಗಳಾಡೋದೇ ಬೇಡ. ಡಿಜಿಎಂಎಸ್ (ಗಣಿ ಸುರಕ್ಷತೆ ನೋಡಿಕೊಳ್ಳೋ ಕೇಂದ್ರದ ಮಹಾ ನಿರ್ದೇಶನಾಲಯ) 1997 ರಲ್ಲಿ ಹೊರಡಿಸಿದ 7 ನೇ ತಾಂತ್ರಿಕ ಸುತ್ತೋಲೆಯಲ್ಲಿ ಮಿತಿ ಹಾಕಿದ್ದಾರೆ. ಗಣಿ ಮಾಲೀಕರಿಗೆ ಸೇರದ ಮನೆಗಳ ಹತ್ತಿರ, ಕಂಪನದ ಆವರ್ತನ (ಸೆಕೆಂಡಿಗೆ ಎಷ್ಟು ಸಲ ಅದುರುತ್ತೆ ಅನ್ನೋದು) 8 ಹರ್ಟ್ಸ್‌ಗಿಂತ ಕಡಿಮೆ ಇದ್ರೆ ಅದುರುವಿಕೆಯ ವೇಗ ಸೆಕೆಂಡಿಗೆ 5 ಮಿಲಿಮೀಟರ್ ದಾಟಬಾರದು. 8 ರಿಂದ 25 ರ ಒಳಗಿದ್ರೆ 10, ಅದಕ್ಕಿಂತ ಮೇಲೆ 15. ಹಳೇ ಸ್ಮಾರಕಗಳಿಗೆ ಇನ್ನೂ ಬಿಗಿ: 2, 5, 10.

ಸರ್ಟಿಫಿಕೇಟ್ ಇದ್ರೆ ಗೋಡೆ ಉಳಿಯುತ್ತಾ ಅಂದ್ರಲ್ಲ, ಉಳಿಯೋ ಸಾಧ್ಯತೆ ಬಹಳ ಹೆಚ್ಚು. ಎಷ್ಟು ಮದ್ದು ಅನ್ನೋದಕ್ಕಿಂತ, ಒಂದೇ ಕ್ಷಣದಲ್ಲಿ ಎಷ್ಟು ಮದ್ದು ಸಿಡಿಯುತ್ತೆ ಅನ್ನೋದರ ಮೇಲೆ ಅದುರುವಿಕೆ ನಿಂತಿದೆ. ಕುಳಿಗಳನ್ನ ಮಿಲಿಸೆಕೆಂಡ್ ಅಂತರದಲ್ಲಿ ಒಂದಾದ ಮೇಲೊಂದು ಹಾರಿಸಿದ್ರೆ ಅದೇ ಕಲ್ಲು ಬೀಳುತ್ತೆ, ಮನೆ ಅದುರೋದು ಕಡಿಮೆ. ಕಲಿಯದವನು ಎಲ್ಲ ಒಟ್ಟಿಗೆ ಹಾರಿಸ್ತಾನೆ. ಬೇಗ ಮುಗೀತು ಅಂತ ಅವನಿಗೆ ಖುಷಿ.

ದೂರದ ಲೆಕ್ಕನೂ ಇದೆ. 1961 ರ ರೆಗ್ಯುಲೇಷನ್ಸ್‌ನಲ್ಲಿ 300 ಮೀಟರ್ ಅಪಾಯದ ವಲಯ. ಎಷ್ಟೋ ಕಡೆ ಅನುಮತಿ ಕೊಡೋವಾಗ 500 ಮೀಟರ್ ಅಂತ ಷರತ್ತು ಹಾಕ್ತಾರೆ. ಅಷ್ಟರೊಳಗಿನವರೆಲ್ಲ ಮರೆಗೆ ಹೋಗಿದ್ದಾರೆ ಅಂತ ಖಾತ್ರಿ ಮಾಡ್ಕೊಂಡೇ ಹೊಡೀಬೇಕು. ಸೈರನ್ ಊದೋದು, ಕೆಂಪು ಬಾವುಟ ಹಿಡಿದು ದಾರಿಗೆ ಜನ ನಿಲ್ಲಿಸೋದು ಬ್ಲಾಸ್ಟರ್ ಕೆಲಸದ ಒಂದು ಭಾಗ. ದಯೆ ಅಲ್ಲ.

ಕೊಪ್ಪಳದ ಕೋಟೆ
ಸ್ಮಾರಕದ ಮಿತಿ ಹೇಳಿದ್ದಕ್ಕೆ ಧನ್ಯವಾದ. ನಮ್ಮ ಜಿಲ್ಲೆಯಲ್ಲಿ ಗವಿಮಠ, ಪಾಲ್ಕಿಗುಂಡು ಅಶೋಕ ಶಾಸನಗಳಿವೆ, ಹಿರೇಬೆಣಕಲ್‌ನ ಶಿಲಾಸಮಾಧಿಗಳಿವೆ. ಹಿರೇಬೆಣಕಲ್‌ನಲ್ಲಿ ನಿಂತಿರುವುದು ಬರೀ ಕಲ್ಲಿನ ಮೇಲೆ ಕಲ್ಲು, ಗಾರೆ ಇಲ್ಲ. ಸುತ್ತ ಎಲ್ಲಿ ಕ್ವಾರಿ ಪರವಾನಗಿ ಕೊಟ್ಟರೂ ಈ 2 ಮಿಲಿಮೀಟರ್ ಮಾತು ಮೊದಲು ಬರಬೇಕು.

ತೋರಣಗಲ್ಲು ಟಿಪ್ಪರ್
ಮುಂದೆ ಬೆಲೆ ಇರುತ್ತಾ ಅಂತ ಹುಡುಗ ಕೇಳಿದ್ನಲ್ಲ. ನನ್ ಪ್ರಕಾರ ಇಲ್ಲ. ಸಂಡೂರು ಕಡೆ ಎಷ್ಟೋ ಗಣಿಯಲ್ಲಿ ಈಗ ರಾಕ್ ಬ್ರೇಕರ್, ರಿಪ್ಪರ್ ಹಾಕೇ ಅದಿರು ಎತ್ತತಾರೆ. ಗ್ರಾನೈಟ್ ಕ್ವಾರಿಯವರು ವಜ್ರದ ತಂತಿ ಗರಗಸ ತಂದಿದ್ದಾರೆ, ಬ್ಲಾಕ್ ಒಡೀಬಾರ್ದು ಅಂತ. ಜೆಸಿಬಿ, ಪೊಕ್ಲೇನ್ ಆಪರೇಟರ್ ಆಗು ತಮ್ಮ. ಅದಕ್ಕೆ ಎಲ್ಲಿ ಹೋದ್ರೂ ಕೆಲಸ.

ಸಂಡೂರು ಫೋರ್‌ಮನ್
ಅರ್ಧ ಸರಿ, ಅರ್ಧ ತಪ್ಪು. ಮೆತ್ತನೆ ಅದಿರು, ಪುಡಿ ಅದಿರು ಇದ್ದಲ್ಲಿ ಬ್ರೇಕರ್ ಸಾಕು. ಕೆಳಗೆ ಬಿಎಚ್‌ಜೆ ಅನ್ನೋ ಗಟ್ಟಿ ಕಬ್ಬಿಣ ಮಿಶ್ರಿತ ಕಲ್ಲಿನ ಪದರ, ಗಟ್ಟಿ ಹೆಮಟೈಟ್ ಅದಿರು ಬಂದ್ರೆ ಬ್ರೇಕರ್‌ನ ಚಿಸೆಲ್ ಸವೆದು ಹೋಗುತ್ತೆ, ಡೀಸೆಲ್ ಖರ್ಚು ತಡೆಯಲ್ಲ. ದೊಡ್ಡ ಯಾಂತ್ರೀಕೃತ ಗಣಿ ಡ್ರಿಲ್ಲಿಂಗ್ ಬ್ಲಾಸ್ಟಿಂಗ್ ಇಲ್ಲದೆ ನಡೆಯಲ್ಲ. ಹಟ್ಟಿಯಂಥ ನೆಲದೊಳಗಿನ ಗಣಿ ಅಂತೂ ಕೇಳಲೇಬೇಡಿ.

ಬದಲಾಗಿರೋದು ಕೆಲಸದ ಸ್ವರೂಪ. ಬತ್ತಿ ಹೋಗಿ ನಾನೆಲ್ ಟ್ಯೂಬ್ (ಕರೆಂಟ್ ಇಲ್ಲದೆ ಕೇಪು ಸಿಡಿಸೋ ಕೊಳವೆ) ಬಂತು. 2025 ರ ಏಪ್ರಿಲ್ 1 ರಿಂದ ದೇಶದಲ್ಲಿ ಎಲೆಕ್ಟ್ರಿಕ್ ಡಿಟೋನೇಟರ್ ನಿಷೇಧ ಆಗಿದೆ. ಈಗ ಎಲೆಕ್ಟ್ರಾನಿಕ್. ಎಲೆಕ್ಟ್ರಿಕ್ ಬೇರೆ, ಎಲೆಕ್ಟ್ರಾನಿಕ್ ಬೇರೆ, ಇಲ್ಲೇ ಬಹಳ ಜನ ಗೊಂದಲ ಮಾಡ್ಕೊಳ್ತಾರೆ. ಹಳೇದು ತಂತಿಯಲ್ಲಿ ಕರೆಂಟ್ ಹರಿದ್ರೆ ಸಾಕು ಸಿಡೀತಿತ್ತು, ಎಲ್ಲಿಂದಲೋ ಬಂದ ಕರೆಂಟ್ ಆದ್ರೂ. ಹೊಸದರೊಳಗೆ ಚಿಪ್ ಇದೆ, ಅದರದ್ದೇ ಯಂತ್ರದಿಂದ ಸರಿಯಾದ ಸಂಕೇತ ಬಂದ್ರೆ ಮಾತ್ರ ಕೆಲಸ ಮಾಡುತ್ತೆ. ಅದಕ್ಕೆ ಕಲಿತ ಕೈ ಬೇಕು. ಐಟಿಐ ಮಾಡಿದ ಹುಡುಗನಿಗೆ ಇದು ಕಷ್ಟ ಅಲ್ಲ.

ತೋರಣಗಲ್ಲು ಟಿಪ್ಪರ್
ಸರಿ ಸರ್. ಆದ್ರೂ 2011 ಮರೆತ್ರಾ? ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಬ್ಲಾಸ್ಟರ್, ಡ್ರಿಲ್ಲರ್, ಡ್ರೈವರ್ ಎಲ್ರೂ ಒಂದೇ ದಿನ ಮನೆಗೆ. ಗ್ಯಾರೇಜ್, ಡಾಬಾ ಸಾಲಾಗಿ ಬಾಗಿಲು ಹಾಕಿದ್ವು. ಲಾರಿ ಸಾಲದ ಕಂತು ಕಟ್ಟಕ್ಕಾಗದೆ ಊರು ಬಿಟ್ಟವರನ್ನ ನಾನು ಕಂಡೀನಿ.

ಬಳ್ಳಾರಿ ವಕೀಲ
ನಿಲ್ಲಿಸಬೇಕಾದ ಪರಿಸ್ಥಿತಿಯೇ ಇತ್ತು. 2013 ರ ತೀರ್ಪಿನಲ್ಲಿ ಸಿ ವರ್ಗದ, ಅಂದರೆ ಅತಿ ಹೆಚ್ಚು ಅಕ್ರಮ ಕಂಡುಬಂದ ಗುತ್ತಿಗೆಗಳೇ ರದ್ದಾದವು. ಆದರೆ ನೀವು ಹೇಳುವುದು ನಿಜ, ಪೆಟ್ಟು ಮೊದಲು ಬಿದ್ದದ್ದು ಕೂಲಿಯವರಿಗೆ. ಅದಕ್ಕಾಗಿಯೇ ಕಾಗದ ಸರಿಯಾಗಿರಬೇಕು. ಸರ್ಟಿಫಿಕೇಟ್ ಇದ್ದ ಬ್ಲಾಸ್ಟರ್ ಬೇರೆ ಜಿಲ್ಲೆಗೆ, ಬೇರೆ ರಾಜ್ಯಕ್ಕೆ ಹೋಗಿ ಕೆಲಸ ಹಿಡಿಯಬಹುದು. ಹೆಸರಿಲ್ಲದವನು ಎಲ್ಲಿಗೆ ಹೋಗುತ್ತಾನೆ?

ಲಿಂಗಸುಗೂರು ಲೋಕೇಶ
ಬಿಲ್ಡಿಂಗ್ ಕೆಡವೋ ಕೆಲ್ಸ ಹೆಂಗ್ರಿ? ನೋಯ್ಡಾ ಟವರ್ ವಿಡಿಯೋ ನೋಡೀನಿ, ಅಬ್ಬಾ! ಅದಕ್ಕೂ ಇದೇ ಸರ್ಟಿಫಿಕೇಟಾ?

ಸಂಡೂರು ಫೋರ್‌ಮನ್
ಅಲ್ಲ. ಬ್ಲಾಸ್ಟರ್ ಸರ್ಟಿಫಿಕೇಟ್ ಗಣಿ ಒಳಗಿನದು, ಡಿಜಿಎಂಎಸ್ ವ್ಯಾಪ್ತಿ. ಗಣಿ ಹೊರಗೆ, ಅಂದ್ರೆ ಬಾವಿ, ರಸ್ತೆ, ರೈಲು ದಾರಿ, ಕಾಲುವೆ, ಕಟ್ಟಡ ಕೆಡವೋದು, ಇವಕ್ಕೆ 2008 ರ ಸ್ಫೋಟಕ ನಿಯಮಗಳ ಕೆಳಗೆ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಕೊಡೋ ಶಾಟ್‌ಫೈರರ್ ಪರ್ಮಿಟ್. ಪೆಸೊ ಕೇಂದ್ರ ಕಚೇರಿ ನಾಗಪುರ, ಡಿಜಿಎಂಎಸ್‌ದು ಧನಬಾದ್. ಮದ್ದು ಇಡೋ ಮ್ಯಾಗಜೀನ್, ಸಾಗಿಸೋ ವ್ಯಾನ್ ಪರವಾನಗಿನೂ ಪೆಸೊದೇ.

ನೋಯ್ಡಾದಲ್ಲಿ 2022 ರ ಆಗಸ್ಟ್ 28 ಕ್ಕೆ ಆಗಿದ್ದು. ಸುಮಾರು 3,700 ಕೆಜಿ ಮದ್ದು, ಬಿದ್ದಿದ್ದು ಒಂಬತ್ತು ಸೆಕೆಂಡಿನಲ್ಲಿ. ಕಂಬ ಕಂಬಕ್ಕೆ ಕುಳಿ ಹೊಡೆದು, ಬಲೆ ಬಟ್ಟೆ ಸುತ್ತಿ ತಯಾರಿ ಮಾಡಿದ್ದು ತಿಂಗಳುಗಟ್ಟಲೆ. ಅದಕ್ಕೂ ಮುಂಚೆ 2020 ರ ಜನವರಿಯಲ್ಲಿ ಕೊಚ್ಚಿಯ ಮರಡು ಫ್ಲಾಟುಗಳು. ನಮ್ಮ ದೇಶದಲ್ಲಿ ಇಂಥವು ಅಪರೂಪ. ಅದನ್ನೇ ನಂಬ್ಕೊಂಡು ಜೀವನ ಕಟ್ಟೋಕಾಗಲ್ಲ. ರೈಲು ದಾರಿ, ಹೆದ್ದಾರಿಯ ಬಂಡೆ ಕಡಿಯೋ ಕೆಲಸ ಇದ್ದೇ ಇರುತ್ತೆ.

ಹೊಸಪೇಟೆ ನರ್ಸ್
ಒಂದು ವಿಷಯ ಯಾರೂ ಎತ್ತಿಲ್ಲ. ಈ ಹುಡುಗ ಈಗ ಮಾಡ್ತಿರೋ ಕೆಲಸವೇ ನನಗೆ ಹೆಚ್ಚು ಭಯ. ಒಣ ಜಾಕ್ ಹ್ಯಾಮರ್! ನೀರು ಬಿಡದೆ ಕುಳಿ ಹೊಡೆದರೆ ಏಳೋ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತೆ. ಅದು ಶ್ವಾಸಕೋಶಕ್ಕೆ ಹೋಗಿ ಕೂತರೆ ಸಿಲಿಕೋಸಿಸ್. ಗುಣ ಮಾಡೋ ಔಷಧಿ ಇಲ್ಲ. ಎಷ್ಟೋ ಜನರನ್ನ ಟಿಬಿ ಅಂತ ತಿಳಿದು ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಟ್ಟಿರ್ತಾರೆ. ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡ್ತೀನಿ ಅಂತ ರೋಗಿ ಬಾಯಿ ಬಿಟ್ಟು ಹೇಳಿದರೆ ಡಾಕ್ಟರಿಗೆ ದಾರಿ ಸಿಗುತ್ತೆ. ದಯವಿಟ್ಟು ಹೇಳಿ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಆ ಧೂಳು ನಿಲ್ಲಲ್ಲ.

ಹಟ್ಟಿ ಕಾಕಾ
ಈ ತಂಗಿ ಹೇಳಿದ್ದು ನೂರಕ್ಕ ನೂರು ಖರೆ. ನೆಲದೊಳಗ ನೀರು ಬಿಟ್ಟೇ ಡ್ರಿಲ್ ಮಾಡಿಸ್ತಿದ್ರು. ಗಣಿ ಕಾರ್ಮಿಕಗ ಐದು ವರ್ಷಕ್ಕೊಮ್ಮೆ ಎದಿ ಎಕ್ಸ್‌ರೇ ಸಮೇತ ವೈದ್ಯಕೀಯ ತಪಾಸಣಿ ಮಾಡಿಸಬೇಕು ಅಂತ ಕಾನೂನೇ ಐತಿ. ಸಿಲಿಕೋಸಿಸ್ ಕಾನೂನಿನಾಗ ಅಧಿಸೂಚಿತ ರೋಗ, ಅಂದ್ರ ಕಂಡುಬಂದ್ರ ಸರ್ಕಾರಕ್ಕ ತಿಳಿಸಲೇಬೇಕು. ತಮ್ಮಾ, ನಿನಗ ಕೆಲ್ಸಕ್ಕ ಸೇರೋವಾಗ ಎಕ್ಸ್‌ರೇ ತಗದಿದ್ರೇನು?

ಮಸ್ಕಿ ಹುಡುಗ
ಇಲ್ಲ ಕಾಕಾ. ಆಧಾರ್ ಕಾರ್ಡ್ ಝೆರಾಕ್ಸ್ ತಗೊಂಡ್ರು ಅಷ್ಟ.

ಸಿರವಾರ ಶಾಂತಾ
ನನ್ನದೊಂದು ಪ್ರಶ್ನೆ. ತಂಗಿ ಮೈನಿಂಗ್ ಡಿಪ್ಲೊಮಾ ಮಾಡಬೇಕು ಅಂತಾಳೆ. ಹೆಣ್ಣುಮಕ್ಕಳನ್ನು ನೆಲದೊಳಗೆ ಬಿಡುವುದಿಲ್ಲ ಅಂತಾರಲ್ಲ?

ಸಂಡೂರು ಫೋರ್‌ಮನ್
ಬಿಡುತ್ತಿರಲಿಲ್ಲ. 2019 ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟ ಮೇಲೆ ತಾಂತ್ರಿಕ, ಮೇಲ್ವಿಚಾರಣೆ ಕೆಲಸಕ್ಕೆ ನೆಲದೊಳಗೂ ಹೋಗಬಹುದು, ಅವರ ಲಿಖಿತ ಒಪ್ಪಿಗೆ ಇರಬೇಕು. ಓದಿಸಿ. ಧೈರ್ಯವಾಗಿ ಓದಿಸಿ.

ಮಸ್ಕಿ ಹುಡುಗ
ನಿನ್ನೆ ಕಾಂಟ್ರಾಕ್ಟರ್ ಹತ್ರ ಹೋಗಿದ್ದೆ. ಸರ್ಟಿಫಿಕೇಟ್ ಇರೋ ಬ್ಲಾಸ್ಟರ್ ದಿನಾ ಬಂದು ನಿಂತ್ರ ಅವರ ಕೈಕೆಳಗ ಹೆಲ್ಪರ್ ಆಗಿ ಕಲಿತೀನಿ, ಅವರ ಹಾಜರಿ ಪುಸ್ತಕದಾಗ ನನ್ನ ಹೆಸರು ಬರೀರಿ, ಲೋಡಿನ ರೊಕ್ಕ ಬ್ಯಾಡ, ತಿಂಗಳ ಪಗಾರ ಕೊಡ್ರಿ ಅಂದೆ. "ಎಲ್ಲಿ ಕಲ್ತಿ ಈ ಮಾತು?" ಅಂತ ಸಿಟ್ಟಾದ. ಬ್ಯಾರೆ ಹುಡುಗ ಸಿಕ್ತಾನ ಅಂದ. ಈ ತಿಂಗಳ ಲೆಕ್ಕ ಮುಗಿಸಿ ಬಿಡ್ತೀನಿ. ಮಾವಗ ಬ್ಯಾಸರ ಆಗೇತಿ, ಅವ್ವಗ ನೆಮ್ಮದಿ.

ಈಗ ಮುಂದ ಏನು ಮಾಡ್ಲಿ, ಸರಳ ಹೇಳ್ರಿ.

ಕಲ್ಲಿನ ಮನೆತನ
ಛಲೋ ಮಾಡಿದಿ ತಮ್ಮ. ಬ್ಲಾಸ್ಟರ್ ಇಲ್ದ ಜಾಗ ಅಂತ ಮೊದಲೇ ಗೊತ್ತಿದ್ರ ನಾನೂ ಹೋಗು ಅಂತಿದ್ದಿಲ್ಲ. ಆದ್ರ ಆ "ಬ್ಯಾರೆ ಹುಡುಗ" ಸಿಕ್ಕೇ ಸಿಗ್ತಾನ. ಅದು ನನ್ನ ಹೊಟ್ಟಿಗೆ ಕಲ್ಲು ಬಿದ್ದಂಗಾತು.

ಸಂಡೂರು ಫೋರ್‌ಮನ್
ಸರಳವಾಗಿ ಹೇಳ್ತೀನಿ. ಮೊದಲು ಪ್ರಥಮ ಚಿಕಿತ್ಸೆ ಸರ್ಟಿಫಿಕೇಟ್ ಮಾಡಿಸ್ಕೋ, ಸೇಂಟ್ ಜಾನ್ ಆಂಬ್ಯುಲೆನ್ಸ್‌ನವರು ಕೊಡೋದು. ಬ್ಲಾಸ್ಟರ್ ಪರೀಕ್ಷೆಗೆ ಅದು ಬೇಕೇ ಬೇಕು, ವೈದ್ಯಕೀಯ ಪ್ರಮಾಣಪತ್ರನೂ ಬೇಕು. ಆಮೇಲೆ ಮ್ಯಾನೇಜರ್ ಇರೋ, 1966 ರ ನಿಯಮದ ಪ್ರಕಾರ ವೊಕೇಷನಲ್ ಟ್ರೈನಿಂಗ್ ಕೊಡೋ ಗಣಿಯಲ್ಲಿ ಡ್ರಿಲ್ಲಿಂಗ್ ಹೆಲ್ಪರ್ ಆಗಿ ಆದ್ರೂ ಸೇರು. ಪಗಾರ ಸ್ವಲ್ಪ ಕಡಿಮೆ ಇದ್ರೂ ಸರಿ. ಅನುಭವದ ಪತ್ರಕ್ಕೆ ಮ್ಯಾನೇಜರ್ ಸಹಿ ಹಾಕಿದ್ರೇ ಬೆಲೆ, ಕಾಂಟ್ರಾಕ್ಟರ್ ಸಹಿಗೆ ಇಲ್ಲ. ಬರೀ ತೆರೆದ ಗಣಿಯಲ್ಲಿ ಮಾಡಿದ ಅನುಭವ ಆದ್ರೆ ತೆರೆದ ಗಣಿಗೆ ಮಾತ್ರ ಸೀಮಿತವಾದ ಸರ್ಟಿಫಿಕೇಟ್ ಸಿಗುತ್ತೆ. ಹಟ್ಟಿಯಂಥ ಕಡೆ ಹೋಗೋ ಆಸೆ ಇದ್ರೆ ನೆಲದೊಳಗಿನ ಅನುಭವ ಬೇಕು, ಅದನ್ನ ಈಗಲೇ ಯೋಚಿಸು. ಹಾಗೇ ಒಂದು ಎದೆ ಎಕ್ಸ್‌ರೇ ತೆಗೆಸ್ಕೋ, ಇದೇ ವಾರ.

ಹೊಸಪೇಟೆ ನರ್ಸ್
ಜಿಲ್ಲಾ ಆಸ್ಪತ್ರೆಯಲ್ಲೇ ಆಗುತ್ತೆ. ಕಲ್ಲು ಕ್ವಾರಿ ಅಂತ ಚೀಟಿಯಲ್ಲಿ ಬರೆಸು ತಮ್ಮ.

ಕುಕನೂರು ಅಕ್ಕ
ಫೋರ್‌ಮನ್ ಅಣ್ಣಾರ, ನಮ್ಮ ಊರಿನ ಅರ್ಜಿ ಯಾರಿಗೆ ಕೊಡಬೇಕು? ಪಂಚಾಯ್ತಿಯಾಗ ಕೊಟ್ಟು ವರ್ಷ ಆಗಾಕ ಬಂತು.

ಸಂಡೂರು ಫೋರ್‌ಮನ್
ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಒಂದು ಬಳ್ಳಾರಿಯಲ್ಲಿರೋ ಡಿಜಿಎಂಎಸ್ ಕಚೇರಿಗೆ. "ತೊಂದರೆ ಆಗ್ತಿದೆ" ಅಂತ ಮಾತ್ರ ಬರೀಬೇಡಿ. ಯಾವ ತಾರೀಕು, ಎಷ್ಟು ಹೊತ್ತಿಗೆ ಹೊಡೆದ್ರು, ಸೈರನ್ ಊದಿದ್ರಾ ಇಲ್ವಾ, ಶಾಲೆ ಎಷ್ಟು ದೂರ, ಎಲ್ಲ ಬರೀರಿ. ಬಿರುಕಿನ ಎರಡೂ ತುದಿಗೆ ಗೆರೆ ಎಳೆದು ತಾರೀಕು ಹಾಕಿ ಫೋಟೋ ತೆಗೀರಿ, ಬೆಳೆದ್ರೆ ಗೊತ್ತಾಗುತ್ತೆ. ಮುಂದಿನ ಬ್ಲಾಸ್ಟಿಂಗ್ ದಿನ ನಿಮ್ಮ ಮನೆ ಹತ್ತಿರ ಕಂಪನ ಅಳೆಯೋ ಯಂತ್ರ ಇಡಿಸಿ ಅಂತ ಲಿಖಿತವಾಗಿ ಕೇಳಿ.

ಬಳ್ಳಾರಿ ವಕೀಲ
ಸ್ವೀಕೃತಿ ಸಹಿ ಇಲ್ಲದೆ ಯಾವ ಕಚೇರಿಯಿಂದಲೂ ಎದ್ದು ಬರಬೇಡಿ. ಅರ್ಜಿ ಬರೆದ ಮೇಲೆ ಇಲ್ಲಿ ಹಾಕಿ, ನೋಡಿ ಕೊಡುತ್ತೇನೆ.

ಕುಕನೂರು ಅಕ್ಕ
ಹಾಕ್ತೀನ್ರಿ. ಶಾಲಿ ಹೆಡ್‌ಮಾಸ್ತರೂ ಸಹಿ ಹಾಕ್ತೀನಿ ಅಂದಾರ. ಸೋಮವಾರ ಹತ್ತು ಮಂದಿ ಹೆಣ್ಣುಮಕ್ಕಳು ಕೂಡಿ ಕೊಪ್ಪಳಕ್ಕ ಹೋಗ್ತೀವಿ.